ಕಣ್ಣಿನ ಅನುಮೋದನೆ

ಇಂದಿನ ಸಮಾಜದಲ್ಲಿ ಯಾವ ವಿಚಾರಣೆಗೂ ಒಳಗಾಗದೆ ಪಾರಾಗಿಹೋಗುವ ಮಾತೊಂದಿದೆ. ಅದು ‘ಬರೀ ಸಿನಿಮಾ ತಾನೆ’ ಎಂಬ ಮಾತು. ಹೊಡೆದಾಟದ ಚಿತ್ರ, ದೆವ್ವದ ಚಿತ್ರ, ಪತ್ತೇದಾರಿ ಧಾರಾವಾಹಿ, ಭೂಗತ ಲೋಕದ ಕಥೆ, ಅತಿಮಾನುಷ ವೀರರ ಸಾಹಸ – ಹೀಗೆ ಗೊತ್ತಾದ ಅಚ್ಚಿನಲ್ಲಿ ಎರಕಗೊಂಡು ಬರುವ ಪ್ರಕಾರ ಚಿತ್ರಗಳಲ್ಲಿ ಯಾವುದರ ಪ್ರಸ್ತಾಪ ಬಂದರೂ ನೋಡುಗನು ಈ ಮಾತನ್ನು ಮುಂದೊಡ್ಡಿ ಚರ್ಚೆಯನ್ನು ಮುಗಿಸಿಬಿಡುತ್ತಾನೆ. ಮೂರು ಗಂಟೆಗಳ ಕಾಲ ಕುಳಿತು ನಡುಗಿದ್ದು, ಸಿಳ್ಳೆ ಹಾಕಿದ್ದು, ಒಬ್ಬನ ಸಾವಿಗಾಗಿ ಕಾತರದಿಂದ ಕಾದು ಅದು ಬಂದಾಗ ತೃಪ್ತಿಯಿಂದ ಉಸಿರು ಬಿಟ್ಟದ್ದು – ಇವೆಲ್ಲ ಚಿತ್ರಮಂದಿರದ ದೀಪ ಹೊತ್ತಿದೊಡನೆ ಲಯವಾದವೆಂದು ಅವನ ನಂಬಿಕೆ. ಊಟದ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಾದ ಮನೆಗಳಲ್ಲಿಯೂ ನೋಟದ ವಿಷಯದಲ್ಲಿ ಈ ಔದಾರ್ಯ ನೆಲೆಸಿದೆ. ಗಡ್ಡೆಗೆಣಸನ್ನು ತಟ್ಟೆಗೆ ಬರಗೊಡದ, ಸೂರ್ಯಾಸ್ತದ ನಂತರ ಒಲೆ ಹೊತ್ತಿಸದ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ದೂರದರ್ಶನದ ಮುಂದೆ ಕುಳಿತವರು ಕೊಲೆಯೊಂದನ್ನು ಸವಿಯುತ್ತಿರುವುದು ಅಪರೂಪದ ದೃಶ್ಯವಲ್ಲ.

ಇವರಿಗೆ ಎದುರಾಗಿ ಇನ್ನೊಂದು ಪಂಗಡವಿದೆ. ಇವರು ತೆರೆಯ ಮೇಲೆ ಚೆಲ್ಲಿದ ರಕ್ತವನ್ನು ಅಳೆಯುವವರು. ಎಷ್ಟು ಹೆಣ ಬಿದ್ದವು, ಎಷ್ಟು ಗುಂಡು ಹಾರಿದವು ಎಂದು ಎಣಿಸಿ, ಸಂಖ್ಯೆ ಹೆಚ್ಚಾದರೆ ಚಿತ್ರ ಕೆಟ್ಟದ್ದು, ಕಡಿಮೆಯಾದರೆ ಒಳ್ಳೆಯದು ಎಂದು ತೀರ್ಪು ಕೊಡುವವರು. ಮೇಲ್ನೋಟಕ್ಕೆ ಈ ಎರಡು ಪಂಗಡಗಳೂ ಪರಸ್ಪರ ವಿರೋಧಿಗಳು. ವಸ್ತುತಃ ಇಬ್ಬರ ತಪ್ಪೂ ಒಂದೇ. ಇಬ್ಬರೂ ತೆರೆಯನ್ನು ಮಾತ್ರ ನೋಡುತ್ತಾರೆ. ತೆರೆಯ ಎದುರು ಕುಳಿತವನೊಳಗೆ ಏನು ನಡೆಯಿತು ಎಂಬುದನ್ನು ನೋಡುವುದಿಲ್ಲ. ಒಂದು ಕಥೆಯ ಧರ್ಮಾಧರ್ಮವನ್ನು ನಿರ್ಣಯಿಸುವ ಪ್ರಶ್ನೆ ‘ಅದರಲ್ಲಿ ಏನನ್ನು ತೋರಿಸಲಾಗಿದೆ’ ಎಂಬುದಲ್ಲ. ‘ಅದು ನೋಡುಗನಿಂದ ಯಾವುದಕ್ಕೆ ಒಪ್ಪಿಗೆ ಪಡೆಯುತ್ತದೆ’ ಎಂಬುದು.

ಹಿಂಸೆಯನ್ನು ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು – ಕೃತ, ಕಾರಿತ, ಅನುಮೋದಿತ ಎಂಬ ಈ ಮೂರು ದಾರಿಗಳನ್ನು ಬೇರೆಬೇರೆಯಾಗಿ ಹೆಸರಿಸಿದ ಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ಜನ್ನನು ೧೨೦೯ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಕನ್ನಡಿಗರಿಗೆ ತಿಳಿದದ್ದೇ. ಜೀವಂತ ಪ್ರಾಣಿಯನ್ನು ಬಲಿ ಕೊಡಲು ಒಪ್ಪದ ಅರಸನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಲ್ಲಿ ಪ್ರಾಣವಿಲ್ಲ, ರಕ್ತವಿಲ್ಲ, ಇರುವುದು ಬರೀ ಹಿಟ್ಟು. ಆದರೂ ಕಡಿಯುವ ಸಂಕಲ್ಪ ಇತ್ತು. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು. ‘ಬರೀ ಸಿನಿಮಾ’ ಎನ್ನುವವನ ವಾದವೂ ‘ಬರೀ ಹಿಟ್ಟು’ ಎನ್ನುವ ವಾದವೂ ಒಂದೇ ಜಾತಿಯವು. ತೆರೆಯ ಮೇಲಿನ ದೇಹ ಬಣ್ಣ ಬೆಳಕುಗಳ ದೇಹವೆಂಬುದು ನಿಜ. ಆದರೆ ಅದನ್ನು ಕಡಿಯುವಾಗ ನೋಡುಗನಲ್ಲಿ ಹುಟ್ಟಿದ ಹರ್ಷ ಬಣ್ಣದ ಹರ್ಷವಲ್ಲ, ಅಪ್ಪಟ ಹರ್ಷ.

ಈ ಒಪ್ಪಿಗೆಯನ್ನು ಪಡೆಯುವ ಕೌಶಲ ಎಷ್ಟು ಸೂಕ್ಷ್ಮವಾದದ್ದೆಂಬುದಕ್ಕೆ ಆಲ್‌ಫ್ರೆಡ್ ಹಿಚ್‌ಕಾಕ್ ೧೯೬೦ರಲ್ಲಿ ನಿರ್ದೇಶಿಸಿದ ‘ಸೈಕೋ’ ಚಿತ್ರ ನಿದರ್ಶನವಾಗಿದೆ. ಕೊಲೆಯಾದ ಹೆಣ್ಣಿನ ದೇಹವನ್ನು ಕಾರಿನೊಳಗೆ ಇಟ್ಟು ತರುಣನೊಬ್ಬ ಅದನ್ನು ಜೌಗಿನೊಳಕ್ಕೆ ತಳ್ಳುತ್ತಾನೆ. ಕಾರು ಅರ್ಧ ಮುಳುಗಿ ನಿಂತುಬಿಡುತ್ತದೆ. ಆ ಕ್ಷಣದಲ್ಲಿ ನೋಡುಗ ಉಸಿರು ಬಿಗಿಹಿಡಿದು, ಕಾರು ಪೂರ್ತಿ ಮುಳುಗಲಿ ಎಂದು ಬಯಸುತ್ತಾನೆ. ಕೆಲವೇ ನಿಮಿಷಗಳ ಹಿಂದೆ ಆ ಹೆಣ್ಣಿನ ಕ್ಷೇಮಕ್ಕಾಗಿ ಹಂಬಲಿಸಿದ್ದವನು ಈಗ ಅವಳ ಹೆಣ ಮರೆಯಾಗಲಿ ಎಂದು ಹಂಬಲಿಸುತ್ತಾನೆ. ನಿರ್ದೇಶಕನು ಅವನನ್ನು ಬಲವಂತಪಡಿಸಲಿಲ್ಲ. ಕಾರನ್ನು ಒಂದೆರಡು ಕ್ಷಣ ನಿಲ್ಲಿಸಿದನಷ್ಟೆ. ನೋಡುಗನ ಚಿತ್ತ ಎಷ್ಟು ಬೇಗ ಪಕ್ಷ ಬದಲಿಸಬಲ್ಲದೆಂಬುದು ಆ ಒಂದು ನಿಲುಗಡೆಯಲ್ಲಿ ಬಯಲಾಯಿತು.

ಇದೇ ಕೌಶಲ ೨೦೧೩ರ ಮಲಯಾಳಂ ‘ದೃಶ್ಯಂ’ ಚಿತ್ರದಲ್ಲಿಯೂ ೨೦೧೪ರಲ್ಲಿ ಕನ್ನಡದಲ್ಲಿ ಬಂದ ‘ದೃಶ್ಯ’ದಲ್ಲಿಯೂ ಇದೆ. ಮಾನಕ್ಕೆ ಬಂದ ಕುತ್ತಿನಿಂದ ಪಾರಾಗಲು ಹೆಣಗಿದ ಮಗಳ ಕೈಯಲ್ಲಿ ಒಬ್ಬ ಹುಡುಗ ಸಾಯುತ್ತಾನೆ. ಕೇಬಲ್ ಟೀವಿಯ ಕಸುಬಿನ ತಂದೆ ತಾನು ನೋಡಿದ ಸಿನಿಮಾಗಳಿಂದಲೇ ಸುಳ್ಳು ಕಟ್ಟುವ ವಿದ್ಯೆ ಕಲಿತು ಪೊಲೀಸರನ್ನು ವಂಚಿಸುತ್ತಾನೆ. ನೋಡುಗನು ಆದಿಯಿಂದ ಅಂತ್ಯದವರೆಗೆ ಆ ಸುಳ್ಳಿನ ಪಕ್ಷದಲ್ಲಿರುತ್ತಾನೆ. ಇಲ್ಲಿ ಕಣ್ಣಿಗೆ ಬೀಳುವ ರಕ್ತ ಅತ್ಯಲ್ಪ. ರಕ್ತ ಅಳೆಯುವವರು ಇದನ್ನು ಸಂಸಾರ ಸಮೇತ ನೋಡಬಹುದಾದ ಚಿತ್ರವೆಂದು ಹೊಗಳಿದರು. ಆದರೆ ತನ್ನ ಸಂಸಾರದ ರಕ್ಷಣೆಗಾಗಿ ಸತ್ಯವನ್ನು ಹೂಳುವುದಕ್ಕೆ ಈ ಚಿತ್ರ ಪಡೆದಷ್ಟು ಮನಃಪೂರ್ವಕವಾದ ಒಪ್ಪಿಗೆಯನ್ನು ಪಡೆದ ಚಿತ್ರಗಳು ವಿರಳ. ಮಗನನ್ನು ಕಳೆದುಕೊಂಡ ತಂದೆತಾಯಿಯರ ಅಳಲಿಗೂ ಕೊನೆಯಲ್ಲಿ ಅದು ಎಡೆಯಿತ್ತಿತು ಎಂಬುದು ಅದರ ಹಿರಿಮೆ. ಆ ಅಳಲನ್ನು ಮರೆತು ‘ಎಂಥ ಬುದ್ಧಿವಂತ’ ಎಂದು ತಂದೆಯನ್ನು ಕೊಂಡಾಡುತ್ತ ಮನೆಗೆ ಮರಳಿದ್ದು ನೋಡುಗನ ಕಿರುತನ.

ರಕ್ತವನ್ನು ಅಳೆಯುವ ನೀತಿ ಎಂತಹ ಅನರ್ಥಕ್ಕೆ ಎಡೆಮಾಡಬಲ್ಲದೆಂಬುದನ್ನು ‘ಶೋಲೆ’ಯ ಕಥೆ ಸ್ಪಷ್ಟಪಡಿಸುತ್ತದೆ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು ೧೯೭೫ರ ಆಗಸ್ಟ್ ೧೫ರಂದು ಬಿಡುಗಡೆಯಾದ ಈ ಚಿತ್ರದ ಮೂಲ ಮುಕ್ತಾಯದಲ್ಲಿ, ಎರಡೂ ತೋಳುಗಳನ್ನು ಕಳೆದುಕೊಂಡ ಠಾಕೂರನು ಮೊಳೆ ಹೊಡೆದ ಬೂಟುಗಳಿಂದ ಗಬ್ಬರ್‌ಸಿಂಗನನ್ನು ತುಳಿದು ಕೊಲ್ಲುತ್ತಾನೆ; ಕೊಂದ ಮೇಲೆ, ಬದುಕಿಗೆ ಇನ್ನಾವ ಗುರಿಯೂ ಉಳಿಯದವನಂತೆ ಕುಸಿದು ಅಳುತ್ತಾನೆ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರ್ ಮಂಡಳಿಯು ಮಾಜಿ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆ ತೆಗೆದುಕೊಳ್ಳಬಾರದೆಂದು ಆಕ್ಷೇಪಿಸಿತು. ಮುಕ್ತಾಯವನ್ನು ಬದಲಿಸಲಾಯಿತು. ಪೊಲೀಸರು ಸರಿಯಾದ ಸಮಯಕ್ಕೆ ಬಂದು ಗಬ್ಬರನನ್ನು ಬಂಧಿಸಿದರು. ಕಾನೂನಿನ ಮರ್ಯಾದೆ ಉಳಿಯಿತು. ಆದರೆ ಮೂರು ಗಂಟೆಗಳ ಕಾಲ ನೋಡುಗನಲ್ಲಿ ಬೆಳೆಸಿದ ಸೇಡಿನ ಹಸಿವು ಹಾಗೆಯೇ ಉಳಿಯಿತು. ಮಂಡಳಿ ಒಂದು ಕೊಲೆಯನ್ನು ತೆಗೆದುಹಾಕಿತು. ಅದರೊಡನೆ ಸೇಡು ಎಷ್ಟು ಪೊಳ್ಳೆಂಬುದನ್ನು ಹೇಳುತ್ತಿದ್ದ ಅಳುವನ್ನೂ ತೆಗೆದುಹಾಕಿತು. ಚಿತ್ರದಲ್ಲಿ ವಿವೇಕವಿದ್ದದ್ದು ಆ ಅಳುವಿನಲ್ಲಿ. ಐವತ್ತು ವರ್ಷಗಳ ಬಳಿಕ, ೨೦೨೫ರಲ್ಲಿ, ಮೂಲ ಮುಕ್ತಾಯವುಳ್ಳ ಪ್ರತಿಯನ್ನು ಪುನರುದ್ಧರಿಸಿ ಇಟಲಿಯ ಬೊಲೋನ್ಯಾ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಹಸಿವನ್ನು ಬೆಳೆಸಿ ಅದರ ಫಲವನ್ನು ಮರೆಮಾಡುವುದು ಹಿಂಸೆಯ ನಿವಾರಣೆಯಲ್ಲವೆಂದು ತಿಳಿಯಲು ಈ ಎರಡು ಮುಕ್ತಾಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಮನೆಯೊಳಗೇ ಬಂದು ಕೂರುವ ದೂರದರ್ಶನದ ಪ್ರಭಾವ ಇನ್ನೂ ಆಳವಾದದ್ದು. ಏಕೆಂದರೆ ಚಿತ್ರಮಂದಿರಕ್ಕೆ ನೋಡುಗ ಹೋಗಬೇಕು, ಧಾರಾವಾಹಿ ವಾರವಾರವೂ ತಾನಾಗಿ ಬರುತ್ತದೆ. ಅಮೆರಿಕದಲ್ಲಿ ೨೦೦೧ರ ನವೆಂಬರಿನಲ್ಲಿ ಆರಂಭವಾದ ‘ಟ್ವೆಂಟಿಫೋರ್’ ಎಂಬ ಧಾರಾವಾಹಿಯ ನಾಯಕ ಭಯೋತ್ಪಾದಕರಿಂದ ದೇಶವನ್ನು ಕಾಪಾಡುವವನು. ಗಡಿಯಾರ ಓಡುತ್ತಿರುತ್ತದೆ, ಬಾಂಬು ಸಿಡಿಯಲಿರುತ್ತದೆ. ಸೆರೆಸಿಕ್ಕವನನ್ನು ಚಿತ್ರಹಿಂಸೆಗೆ ಗುರಿಪಡಿಸದೆ ಬೇರೆ ಹಾದಿಯಿಲ್ಲವೆಂದು ಕಥೆ ಮತ್ತೆ ಮತ್ತೆ ಸಾಧಿಸುತ್ತದೆ. ಹಿಂಸಿಸಿದೊಡನೆ ನಿಜ ಹೊರಬೀಳುತ್ತದೆ. ೨೦೦೬ರ ನವೆಂಬರಿನಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಡೀನ್ ಆಗಿದ್ದ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನೆಗನ್ ಅವರು ಅನುಭವಿ ವಿಚಾರಣಾಧಿಕಾರಿಗಳೊಡನೆ ಧಾರಾವಾಹಿಯ ತಯಾರಕರನ್ನು ಕಂಡು, ಇಂತಹ ದೃಶ್ಯಗಳನ್ನು ಕಡಿಮೆ ಮಾಡಬೇಕೆಂದು ಕೇಳಿಕೊಂಡರು. ತರಬೇತಿ ಪಡೆಯುತ್ತಿದ್ದ ತರುಣ ಸೈನಿಕರ ಮನಸ್ಸಿನಲ್ಲಿ ಅದು ತಪ್ಪು ನಂಬಿಕೆಯನ್ನು ಬೇರೂರಿಸುತ್ತಿದೆಯೆಂಬುದು ಅವರ ಆತಂಕವಾಗಿತ್ತು. ಯುದ್ಧವನ್ನೇ ವೃತ್ತಿಯಾಗಿ ಉಳ್ಳ ಸೇನಾಧಿಕಾರಿಯೊಬ್ಬರು ಕಥೆ ಕಟ್ಟುವವರ ಬಳಿಗೆ ಹೋಗಿ ಹಿಂಸೆಯನ್ನು ತಗ್ಗಿಸಿರೆಂದು ಬೇಡಬೇಕಾಯಿತು! ‘ಬರೀ ಟೀವಿ ತಾನೆ’ ಎನ್ನುವವರು ಈ ಪ್ರಸಂಗಕ್ಕೆ ಏನು ಉತ್ತರ ಕೊಡುತ್ತಾರೆ?

ಕೊನೆಯಲ್ಲಿ ಒಂದು ನೀತಿಯನ್ನು ಅಂಟಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ಭ್ರಮೆಯೂ ಪ್ರಚಲಿತವಾಗಿದೆ. ಉಪೇಂದ್ರ ಅವರು ನಿರ್ದೇಶಿಸಿ ೧೯೯೫ರಲ್ಲಿ ತೆರೆಕಂಡ ‘ಓಂ’ ಚಿತ್ರದ ಉದ್ದೇಶ ರೌಡಿಯ ಬಾಳು ನಾಶದ ಬಾಳೆಂದು ಹೇಳುವುದೇ ಆಗಿರಬಹುದು. ಬೆಂಗಳೂರಿನ ಭೂಗತ ಲೋಕಕ್ಕೆ ಸೇರಿದ್ದವರೇ ಅದರ ಕೆಲವು ಪಾತ್ರಗಳಲ್ಲಿ ಕಾಣಿಸಿಕೊಂಡಿದ್ದರು. ಅದಕ್ಕೊಂದು ಸತ್ಯದ ಒರಟುತನವಿತ್ತು. ಆದರೆ ನೂರಾರು ಬಾರಿ ಮರುಬಿಡುಗಡೆಯಾದ ಆ ಚಿತ್ರದಿಂದ ಜನ ಮನೆಗೊಯ್ದದ್ದು ನೀತಿಯನ್ನಲ್ಲ, ನಾಯಕನ ನಡಿಗೆಯನ್ನು, ನೋಟವನ್ನು, ಕೈಯಲ್ಲಿನ ಲಾಂಗನ್ನು. ಅದರ ಹಿಂದೆ ಬಂದ ಲಾಂಗು ಮಚ್ಚಿನ ಚಿತ್ರಗಳ ಸಾಲು ಆ ನೀತಿಯನ್ನು ಬಿಟ್ಟು ಲಾಂಗನ್ನು ಮಾತ್ರ ಉಳಿಸಿಕೊಂಡಿತು. ಒಂದು ಚಿತ್ರದ ನಿಜವಾದ ಬೋಧೆ ಅದರ ಕೊನೆಯ ಮಾತಿನಲ್ಲಿರುವುದಿಲ್ಲ. ನೋಡುಗ ಎಲ್ಲಿ ಚಪ್ಪಾಳೆ ತಟ್ಟಿದನೋ ಅಲ್ಲಿರುತ್ತದೆ.

ಆ ಚಪ್ಪಾಳೆ ೨೦೧೮ ಮತ್ತು ೨೦೨೨ರಲ್ಲಿ ಬಂದ ‘ಕೆ.ಜಿ.ಎಫ್.’ ಚಿತ್ರಗಳಿಗೆ ದೇಶವ್ಯಾಪಿಯಾಗಿ ದೊರೆಯಿತು. ಕನ್ನಡ ಚಿತ್ರವೊಂದು ದೇಶವನ್ನು ಗೆದ್ದಿತೆಂಬ ಅಭಿಮಾನ ಅರ್ಥವಾಗುವಂಥದ್ದೇ. ಆದರೆ ಆ ಹೆಸರಿನ ಊರು ಕಲ್ಪನೆಯ ಊರಲ್ಲ. ಜಾನ್ ಟೇಲರ್ ಕಂಪನಿ ೧೮೮೦ರಲ್ಲಿ ಗಣಿಗಾರಿಕೆಗೆ ತೊಡಗಿದ, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದ, ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯರು ಇಳಿದು ಕಲ್ಲಿನ ಧೂಳನ್ನು ಉಸಿರಾಡಿ ಶ್ವಾಸಕೋಶ ಕಳೆದುಕೊಂಡ, ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿದಾಗ ಸಾವಿರಾರು ಸಂಸಾರಗಳು ಬೀದಿಪಾಲಾದ ಊರು ಅದು. ಚಿತ್ರದಲ್ಲಿ ಗಣಿ ಕಾರ್ಮಿಕರೆಂದರೆ ರಕ್ಷಕನಿಗಾಗಿ ಕಾದು ಕುಳಿತ ಹೆಸರಿಲ್ಲದ ಗುಂಪು. ಅವರು ನರಳಬೇಕು, ಆಮೇಲೆ ಜೈಕಾರ ಹಾಕಬೇಕು. ಇದಕ್ಕಿಂತ ಹೆಚ್ಚಿನ ಕೆಲಸ ಅವರಿಗಿಲ್ಲ. ರಕ್ಷಕನೋ ಅವರನ್ನು ಚಿನ್ನದಿಂದ ಬಿಡಿಸುವುದಿಲ್ಲ, ಚಿನ್ನದ ಒಡೆತನವನ್ನು ತಾನು ವಹಿಸಿಕೊಳ್ಳುತ್ತಾನೆ. ಕಾದು ಕೆಂಪಾದ ಬಂದೂಕಿನ ನಳಿಗೆಯಿಂದ ಅವನು ಸಿಗರೇಟು ಹೊತ್ತಿಸಿಕೊಂಡಾಗ ಚಿತ್ರಮಂದಿರವೆಲ್ಲ ಎದ್ದು ಕೂಗಿತು. ಇಲ್ಲಿ ಒಪ್ಪಿಗೆ ಸಿಕ್ಕಿದ್ದು ಕೊಲೆಗೆ ಮಾತ್ರವಲ್ಲ. ಪರಿಗ್ರಹಕ್ಕೆ, ಎಂದರೆ ಎಷ್ಟು ಕೂಡಿಟ್ಟರೂ ಸಾಲದೆಂಬ ಲೋಭಕ್ಕೆ. ಆ ಲೋಭವನ್ನು ಅದು ತಾಯಿಗೆ ಕೊಟ್ಟ ಮಾತಿನ ಪಾವನತೆಯಿಂದ ಮುಚ್ಚಿತು. ಕೊಲೆಯನ್ನು ಗುರುತಿಸಿ ಮುಖ ತಿರುಗಿಸಿದ ಹಿರಿಯರು ಕೂಡ ಈ ಎರಡನೆಯದನ್ನು ಗುರುತಿಸಲಿಲ್ಲ.

ಇಷ್ಟನ್ನು ಕೇಳಿದವರು ಇಂತಹ ಚಿತ್ರಗಳನ್ನೆಲ್ಲ ತೊರೆಯಬೇಕೆಂಬ ತೀರ್ಮಾನಕ್ಕೆ ಬಂದರೆ ಅದೂ ಅವಿಚಾರವೇ. ಪ್ರಕಾರದ ಕಟ್ಟು ತಾನಾಗಿ ಪಾಪವಲ್ಲ. ೧೯೫೪ರ ಮಾರ್ಚ್ ೧ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬಿನ ಪರೀಕ್ಷೆಯಲ್ಲಿ ಜಪಾನಿನ ಮೀನುಗಾರರ ದೋಣಿಯೊಂದು ವಿಕಿರಣದ ಬೂದಿಗೆ ಸಿಕ್ಕಿತು. ಅದೇ ವರ್ಷದ ನವೆಂಬರಿನಲ್ಲಿ ಇಶಿರೋ ಹೊಂಡಾ ನಿರ್ದೇಶಿಸಿದ ‘ಗಾಡ್ಜಿಲ್ಲಾ’ ತೆರೆಕಂಡಿತು. ಹೊರನೋಟಕ್ಕೆ ಅದು ರಾಕ್ಷಸ ಪ್ರಾಣಿಯ ಚಿತ್ರ. ಆದರೆ ಆ ಪ್ರಾಣಿಯನ್ನು ಕೊಲ್ಲಬಲ್ಲ ಅಸ್ತ್ರವನ್ನು ಕಂಡುಹಿಡಿದ ವಿಜ್ಞಾನಿ, ಅದು ಇನ್ನೊಮ್ಮೆ ಯಾರ ಕೈಗೂ ಸಿಗಬಾರದೆಂದು ತನ್ನ ಬರಹಗಳನ್ನು ಸುಟ್ಟು, ಅಸ್ತ್ರದೊಡನೆ ತಾನೂ ಕಡಲಿನಲ್ಲಿ ಪ್ರಾಣ ಬಿಡುತ್ತಾನೆ. ಗೆಲುವಿನ ಕ್ಷಣದಲ್ಲಿ ಚಿತ್ರ ನೋಡುಗನಿಂದ ಕೇಳುವುದು ಜೈಕಾರವನ್ನಲ್ಲ, ಮೌನವನ್ನು. ಅಮೆರಿಕದ ರಾಡ್ ಸರ್ಲಿಂಗ್ ೧೯೫೯ರಿಂದ ನಡೆಸಿದ ‘ಟ್ವಿಲೈಟ್ ಝೋನ್’ ಎಂಬ ವಿಚಿತ್ರ ಕಥಾಮಾಲಿಕೆಯ ೧೯೬೦ರ ಒಂದು ಕಂತಿನಲ್ಲಿ, ಬೀದಿಯೊಂದರ ವಿದ್ಯುತ್ತು ನಿಂತೊಡನೆ ನೆರೆಹೊರೆಯವರು ಪರಸ್ಪರ ಸಂಶಯಿಸಿ, ತಮ್ಮವನೇ ಒಬ್ಬನನ್ನು ಗುಂಡಿಕ್ಕಿ ಕೊಲ್ಲುತ್ತಾರೆ. ಅನ್ಯಗ್ರಹದವರು ದೂರದಲ್ಲಿ ನಿಂತು ದೀಪಗಳನ್ನು ಹೊತ್ತಿಸಿ ಆರಿಸುವುದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ. ೧೯೯೨ರ ‘ಅನ್‌ಫರ್‌ಗಿವನ್’ ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ತನಗೆ ಕೀರ್ತಿ ತಂದ ಬಂದೂಕುಗಾರರ ಪ್ರಕಾರವನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಕೊಲೆಗಾರನೆಂದು ಜಂಬ ಕೊಚ್ಚುತ್ತಿದ್ದ ತರುಣ ಮೊದಲ ಬಾರಿ ನಿಜವಾಗಿ ಕೊಂದಾಗ ಬಿಕ್ಕಿಬಿಕ್ಕಿ ಅಳುತ್ತಾನೆ. ಈ ಕೃತಿಗಳಲ್ಲಿ ಸಾವಿಗೆ ಬೆಲೆಯಿದೆ. ಆದ್ದರಿಂದ ಅವು ಭಯಂಕರವಾದರೂ ಹಿಂಸಾಪರವಲ್ಲ.

‘ಹಾಗಾದರೆ ಪಂಪ ರನ್ನರ ಕಾವ್ಯಗಳಲ್ಲಿ ಯುದ್ಧವಿಲ್ಲವೆ?’ ಎಂದು ಕೇಳುವವರಿದ್ದಾರೆ. ಇದೆ, ಧಾರಾಳವಾಗಿ ಇದೆ. ಆದರೆ ‘ಗದಾಯುದ್ಧ’ದ ಕವಿ ಗದೆಯ ಹೊಡೆತಕ್ಕೆ ಮುನ್ನ ಏನು ಮಾಡಿದ್ದಾನೆಂಬುದನ್ನು ನೆನೆಯಬೇಕು. ದುರ್ಯೋಧನನನ್ನು ಸಂಜಯನೊಡನೆ ರಣಭೂಮಿಯ ಹೆಣಗಳ ನಡುವೆ ನಡೆಸುತ್ತಾನೆ. ಅಲ್ಲಿ ದ್ರೋಣ ಬಿದ್ದಿದ್ದಾನೆ, ದುಶ್ಶಾಸನ ಬಿದ್ದಿದ್ದಾನೆ, ಕರ್ಣ ಬಿದ್ದಿದ್ದಾನೆ, ಸ್ವಂತ ಮಗ ಬಿದ್ದಿದ್ದಾನೆ. ಒಬ್ಬೊಬ್ಬರ ಬಳಿಯೂ ನಿಂತು ಅವನು ಅಳಬೇಕು; ಅವನೊಡನೆ ಓದುಗನೂ ನಿಲ್ಲಬೇಕು. ಇಂದಿನ ಸಾಹಸ ಚಿತ್ರದಲ್ಲಿ ಬಿದ್ದವನ ಬಳಿಗೆ ಯಾರೂ ಮರಳಿ ಹೋಗುವುದಿಲ್ಲ. ನೂರು ಜನ ಬೀಳುತ್ತಾರೆ. ಅವರಿಗೆ ಹೆಸರಿಲ್ಲ, ಮನೆಯಿಲ್ಲ, ಕಾದಿರುವ ಮಡದಿಯಿಲ್ಲ. ಕಾವ್ಯದ ಯುದ್ಧಕ್ಕೂ ಇಂದಿನ ತೆರೆಯ ಹೊಡೆದಾಟಕ್ಕೂ ಇರುವ ಅಂತರ ರಕ್ತದ ಪ್ರಮಾಣದ್ದಲ್ಲ, ಶೋಕದ್ದು.

ಶ್ರವಣಬೆಳಗೊಳದ ಬೆಟ್ಟವನ್ನು ಬಲ್ಲವರಿಗೆ ಇನ್ನೊಂದು ಉದಾಹರಣೆ ಸಾಕು. ೨೦೧೫ ಮತ್ತು ೨೦೧೭ರಲ್ಲಿ ಎರಡು ಭಾಗಗಳಾಗಿ ಬಂದ ತೆಲುಗು ಚಿತ್ರದ ಹೆಸರು ‘ಬಾಹುಬಲಿ’. ಅದು ಕಲ್ಪಿತ ರಾಜ್ಯದ ಕಲ್ಪಿತ ಕಥೆ. ಪುರಾಣದ ಬಾಹುಬಲಿಯ ಚರಿತ್ರೆ ತನ್ನದೆಂದು ಅದು ಹೇಳಿಕೊಂಡಿಲ್ಲ. ಆದುದರಿಂದ ಹೆಸರಿಗಾಗಿ ಜಗಳವಾಡುವುದು ಅನಗತ್ಯ. ಆದರೆ ಎರಡು ಕಥೆಗಳ ಮುಕ್ತಾಯವನ್ನು ತೂಗಿ ನೋಡುವುದು ಅಗತ್ಯ. ಎರಡರಲ್ಲಿಯೂ ದಾಯಾದಿಗಳ ಕಲಹವಿದೆ, ಸಿಂಹಾಸನವಿದೆ. ಚಿತ್ರದಲ್ಲಿ ಸೆರೆಯಲ್ಲಿರುವ ತಾಯಿಯೊಬ್ಬಳು ವರ್ಷಗಟ್ಟಲೆ ಪುಳ್ಳೆಗಳನ್ನು ಆಯ್ದು ಶತ್ರುವಿಗಾಗಿ ಚಿತೆ ಒಟ್ಟುತ್ತಾಳೆ, ಕೊನೆಗೆ ಅವನನ್ನು ಅದರ ಮೇಲೆ ಸುಡಲಾಗುತ್ತದೆ, ಮಗ ಸಿಂಹಾಸನವೇರುತ್ತಾನೆ. ಪಂಪನ ‘ಆದಿಪುರಾಣ’ದಲ್ಲಿ ಬಾಹುಬಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆಲ್ಲುತ್ತಾನೆ, ಅಣ್ಣನನ್ನು ಮೇಲಕ್ಕೆತ್ತಿ ಹಿಡಿದಿದ್ದಾನೆ, ನೆಲಕ್ಕಪ್ಪಳಿಸಿದರೆ ಭೂಮಂಡಲ ಅವನದು. ಅವನು ಅಪ್ಪಳಿಸುವುದಿಲ್ಲ. ಗೆದ್ದ ರಾಜ್ಯವನ್ನು ಸೋತವನಿಗೇ ಬಿಟ್ಟು ನಡೆಯುತ್ತಾನೆ. ಗೆಲುವಿನ ತುತ್ತತುದಿಯಲ್ಲಿ ಕೈ ತಡೆಹಿಡಿಯುವುದಕ್ಕಿಂತ ದೊಡ್ಡ ರೋಮಾಂಚ ಯಾವ ಚಿತ್ರದಲ್ಲಿದೆ? ಆದರೂ ಆ ದೃಶ್ಯಕ್ಕೆ ಕಾಯುವ ತಾಳ್ಮೆಯನ್ನು ನೋಡುಗ ಕಳೆದುಕೊಂಡಿದ್ದಾನೆ. ಚಿತೆಗೆ ಬೆಂಕಿ ಬೀಳುವ ಕ್ಷಣಕ್ಕಾಗಿ ಅವನು ಎರಡು ವರ್ಷ ಸಂತೋಷದಿಂದ ಕಾದನು.

ಸರ್ಕಾರದ ಪ್ರಮಾಣಪತ್ರ ಈ ಕೆಲಸವನ್ನು ಮಾಡಿಕೊಟ್ಟೀತೆಂಬ ಆಸೆ ವ್ಯರ್ಥ. ೨೦೨೩ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯಿದೆ ಏಳು, ಹದಿಮೂರು, ಹದಿನಾರು ವರ್ಷಗಳ ಹಂತಗಳನ್ನು ಗೊತ್ತುಪಡಿಸಿದೆ. ಅದು ಉಪಯುಕ್ತವೇ. ಆದರೆ ಅದು ಹೇಳುವುದು ಮಗುವಿನ ವಯಸ್ಸನ್ನು ಕುರಿತು, ದೊಡ್ಡವನ ಅಂತಃಕರಣವನ್ನು ಕುರಿತಲ್ಲ. ಹದಿನೆಂಟು ತುಂಬಿದವನಿಗೆ ಅನುಮೋದನೆಯ ದೋಷ ತಟ್ಟುವುದಿಲ್ಲವೆಂದು ಯಾವ ಕಾಯಿದೆಯೂ ಹೇಳಲಾರದು. ಅದರಲ್ಲಿಯೂ ಇಂದು ಕಥೆಗಳು ಅಂಗೈಯ ಫೋನಿಗೇ ಬರುತ್ತಿರುವಾಗ, ಒಬ್ಬೊಬ್ಬರೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಪ್ರತ್ಯೇಕವಾಗಿ ನೋಡುತ್ತಿರುವಾಗ, ಮನೆಯ ಹಿರಿಯರ ಕೆಮ್ಮು ಕೂಡ ತಡೆಯಾಗಿ ಉಳಿದಿಲ್ಲ. ಉಳಿದಿರುವುದು ನೋಡುಗನ ವಿವೇಕವೊಂದೇ.

ಆ ವಿವೇಕ ಕೇಳಬೇಕಾದ ಪ್ರಶ್ನೆಗಳು ಕಠಿಣವಾದವೇನೂ ಅಲ್ಲ. ಈ ಕಥೆಯಲ್ಲಿ ಬಿದ್ದವನಿಗೊಂದು ಮುಖವಿತ್ತೆ? ಕೊಂದವನು ಅದರ ಭಾರವನ್ನು ಹೊತ್ತನೆ? ಯಾವ ಗಳಿಗೆಯಲ್ಲಿ ಕೈಗಳು ತಾವಾಗಿ ಚಪ್ಪಾಳೆಗೆ ಎದ್ದವು, ಅದು ಯಾವುದಕ್ಕಾಗಿ? ಚಿತ್ರ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ತಂದೆತಾಯಿಗಳು ಮಕ್ಕಳೊಡನೆ ಈ ಮೂರು ಪ್ರಶ್ನೆಗಳನ್ನು ಎತ್ತಿದರೆ ಸಾಕು. ಯಾವ ಚಿತ್ರವನ್ನೂ ನಿಷೇಧಿಸಬೇಕಾಗಿಲ್ಲ. ಉತ್ತರ ಕೊಡಲು ನಾಚುವಂತಹ ಚಿತ್ರವನ್ನು ಮಕ್ಕಳು ತಾವೇ ಬಿಡುವರು. ಉತ್ತರ ಹುಡುಕಲು ಹಚ್ಚುವಂತಹ ಚಿತ್ರವನ್ನು, ಅದು ದೆವ್ವದ್ದಿರಲಿ ದರೋಡೆಕೋರರದ್ದಿರಲಿ, ಇನ್ನೊಮ್ಮೆ ನೋಡುವರು. ನೀರನ್ನು ಸೋಸಿ ಕುಡಿಯುವವರಿಗೆ ನೋಟವನ್ನು ಸೋಸಿಕೊಳ್ಳುವುದು ಅಸಾಧ್ಯವಾದ ವ್ರತವೇನೂ ಅಲ್ಲ.